ವಿಚಾರಣೆ ಬಾಕಿ ಇಲ್ಲ

ಮಾರ್ಚ್ ೩

ಪ್ರೀತಿಯ ಬಟಾಣಿ,

ನಿನ್ನೆ ನೀನು ಮಾತಿನ ನಡುವೆಯೇ ಫೋನ್ ಇಟ್ಟುಬಿಟ್ಟೆ. ಮತ್ತೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಮುಗಿಯಲು ಇನ್ನೊಬ್ಬರು ಬಿಡುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನೀನು ಹರಿದು ಹಾಕಬಹುದು, ಆದರೆ ನಡುವೆ ಬಾಯಿ ಹಾಕಲಾರೆ.

ಸಂಶೋಧನೆಯ ಗೈಡ್ ಮೇಲೆ ದೂರು ಕೊಡುತ್ತೇನೆ ಎಂದು ನೀನು ಹೇಳಿದಾಗ ನಾನು "ಇನ್ನೊಂದೇ ವರ್ಷ, ಹಲ್ಲು ಕಚ್ಕೊಂಡು ಇದ್ದುಬಿಡು" ಎಂದೆ. ನಿನಗೆ ಸಿಟ್ಟು ಬಂದದ್ದು ಸಹಜ. ಆದರೆ ಹಾಗೆ ಏಕೆ ಹೇಳಿದೆ ಎಂದು ಕೇಳು. ಇಲ್ಲಿ ನಮ್ಮೂರಿನ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ ನಾನು ಗುಮಾಸ್ತೆಯಾಗಿ ಹತ್ತೊಂಬತ್ತು ವರ್ಷವಾಯಿತು. ದೂರು ಸಮಿತಿ ಸಭೆ ಸೇರಿದಾಗೆಲ್ಲ ಒಳಗೆ ಕೂತು ಬರೆದುಕೊಳ್ಳುವವಳು, ಆಮೇಲೆ ಟೈಪು ಮಾಡುವವಳು ನಾನೇ. ಉದ್ದನೆಯ ಮೇಜಿನ ಒಂದು ಕಡೆ ಏಳು ಕುರ್ಚಿ, ಎದುರು ಒಂದು. ಆ ಒಂದರಲ್ಲಿ ಕೂರುವ ಹುಡುಗಿ ಮೊದಮೊದಲು ಸರಿಯಾಗಿಯೇ ಮಾತಾಡುತ್ತಾಳೆ. ಎಷ್ಟು ಗಂಟೆ, ಯಾವ ಬಟ್ಟೆ, ಅವತ್ತೇ ಏಕೆ ಹೇಳಲಿಲ್ಲ ಎಂದೆಲ್ಲ ಕೇಳಿ ಒಂದು ಗಂಟೆಯಾಗುವ ಹೊತ್ತಿಗೆ ತಾನೇ ತಪ್ಪು ಮಾಡಿದವಳ ಹಾಗೆ "ಸಾರಿ ಮೇಡಂ, ಸಾರಿ ಸರ್" ಎನ್ನಲು ಶುರುಮಾಡುತ್ತಾಳೆ. ಅವಳು ಅತ್ತರೆ ನಾನು "ದೂರುದಾರರು ಭಾವುಕರಾದರು" ಎಂದು ಬರೆಯುತ್ತೇನೆ. ಆ ಕುರ್ಚಿಯಲ್ಲಿ ನಿನ್ನನ್ನು ನೆನೆಸಿಕೊಳ್ಳಲು ನನ್ನ ಕೈಲಾಗುವುದಿಲ್ಲ.

ಅಪ್ಪನಿಗೆ ಹೇಳಿಲ್ಲ. ಸಂಜೆ ಕನ್ನಡಕದ ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವ ಮುಂಚೆಯೇ "ಬಟಾಣಿ ಫೋನ್ ಮಾಡಿದ್ಲಾ?" ಎಂದು ಕೇಳಿದರು. ಚೆನ್ನಾಗಿದ್ದಾಳಂತೆ ಎಂದೆ.

ಇದ್ದೀಯಾ?

ನಿನ್ನ ಅಮ್ಮ

*

ಮಾರ್ಚ್ ೧೧

ಅಮ್ಮ,

ಹರಿಯಲಿಲ್ಲ. ಮೂರು ಸಲ ಓದಿದೆ. ಇದನ್ನು ಬರೆದದ್ದು ನನ್ನ ಅಮ್ಮನೋ, ಆ ಕಚೇರಿಯ ಗುಮಾಸ್ತೆಯೋ ಎಂದು ಇನ್ನೂ ಗೊತ್ತಾಗಿಲ್ಲ.

ಫೋನಿನಲ್ಲಿ ನಾನು ಪೂರ್ತಿ ಹೇಳಿರಲಿಲ್ಲ, ನೀನು ಕೇಳಲೂ ಇಲ್ಲ. ನನ್ನ ಗೈಡ್ ನಾಲ್ಕು ವರ್ಷ ನನಗೆ ಕೈಹಿಡಿದು ಕಲಿಸಿದವರು. ಬೀಜವನ್ನು ಅಂಗೈಯಲ್ಲಿಟ್ಟು ನೋಡಿ, ಇದು ಮೊಳೆಯುತ್ತದೆ, ಇದು ಮೊಳೆಯುವುದಿಲ್ಲ ಎಂದು ಹೇಳಲು ಕಲಿತದ್ದು ಅವರಿಂದಲೇ. ಅದು ನೆನಪಾದಾಗ ಹೆಚ್ಚು ಸಂಕಟವಾಗುತ್ತದೆ. ಡಿಸೆಂಬರ್ ೨೮ರಂದು, ಬೀಜ ಇಡುವ ತಣ್ಣನೆಯ ಕೋಣೆಯಲ್ಲಿ ನಾನು ತಟ್ಟೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅವರು ಒಳಗೆ ಬಂದು ಬಾಗಿಲು ಹಾಕಿದರು. ಅದು ಒಂದು ಗೇಣು ದಪ್ಪದ ಬಾಗಿಲು. ನಡೆದದ್ದನ್ನು ನಿನಗೆ ಬರೆಯಲಾರೆ. "ಬಿಡಿ ಸರ್" ಎಂದು ನಾಲ್ಕು ಸಲ ಹೇಳಿದೆ. ಎಣಿಸಿದ್ದೇನೆ, ಎಣಿಸುವುದೇ ನನ್ನ ಕೆಲಸವಲ್ಲವೇ. ಬಾಗಿಲು ತೆರೆದದ್ದು ನಾವೆಲ್ಲ ಸೀನಿಯರ್ ಎಂದು ಕರೆಯುವ ಜೊತೆಯವಳು. ನೋಡಿದಳು. ತನಗೆ ಬೇಕಾದ ತಟ್ಟೆ ತೆಗೆದುಕೊಂಡು, ಬಾಗಿಲು ಮುಚ್ಚದೆ ಹೋದಳು. ಅಷ್ಟಾದರೂ ಮಾಡಿದಳು.

ಆಮೇಲೆ ಮೆಸೇಜುಗಳು ಬಂದವು. ನಾನು ಉತ್ತರಿಸಲಿಲ್ಲ. ಫೆಲೋಶಿಪ್ ಮುಂದುವರಿಸಲು ಅವರ ಶಿಫಾರಸು ಬೇಕಿತ್ತು. ಅದನ್ನು ನನಗಿಂತ ಎರಡು ವರ್ಷ ಕಿರಿಯನಿಗೆ ಕೊಟ್ಟರು. ಏಕೆ ಎಂದು ಕೇಳಿದ್ದಕ್ಕೆ ಎಲ್ಲರೆದುರು, "ಹುಡುಗೀರು ಹೇಗಿದ್ರೂ ಮದುವೆ ಆಗಿ ಹೋಗ್ತೀರಲ್ಲ, ಅವನಿಗಾದ್ರೂ ಉಪಯೋಗಕ್ಕೆ ಬರಲಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಮ್ಮ. ಆ ನಗು ಇನ್ನೂ ನನ್ನ ಬಾಯಲ್ಲಿ ಕಹಿಯಾಗಿ ಉಳಿದಿದೆ.

ನೀನು ಹೇಳುವ ಒಂಟಿ ಕುರ್ಚಿಯ ಭಯ ನನಗೂ ಇದೆ. ಆದರೆ ನೀನು ಇನ್ನೊಂದು ಕಡೆ ಕೂತು ಹತ್ತೊಂಬತ್ತು ವರ್ಷ ಬರೆದುಕೊಂಡೆಯಲ್ಲ, ಒಂದು ಸಲವಾದರೂ ಪೆನ್ನು ಕೆಳಗಿಟ್ಟೆಯಾ?

ನಿನ್ನ ಮಗಳು

*

ಮಾರ್ಚ್ ೧೬

ಬಟಾಣಿ,

ಇಲ್ಲ. ಒಂದು ಸಲವೂ ಇಡಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ನೀನು ಕಾಲೇಜು ಸೇರಿದ ವರ್ಷ ಒಬ್ಬ ವಿದ್ಯಾರ್ಥಿನಿಯ ಹೇಳಿಕೆ ಟೈಪು ಮಾಡಿ ಅಧಿಕಾರಿಯ ಮುಂದಿಟ್ಟೆ. ಅವರು ಎರಡು ಸಾಲಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, "ಇದೆಲ್ಲ ಯಾಕಮ್ಮ, ಓದೋರಿಗೂ ಮುಜುಗರ. ಬಿಟ್ಟು ಇನ್ನೊಂದು ಸಲ ಹೊಡೆದುಬಿಡಿ" ಎಂದರು. ಅವಳಿಗೆ ಏನಾಯಿತು ಎಂಬುದು ಆ ಎರಡು ಸಾಲಿನಲ್ಲೇ ಇತ್ತು. ಬಿಟ್ಟು ಹೊಡೆದೆ. ಸಹಿಗೆ ಕೊಟ್ಟಾಗ ಆ ಹುಡುಗಿ ಓದಲೂ ಇಲ್ಲ. "ನೀವೇ ಬರೆದಿದ್ದೀರಲ್ಲ ಆಂಟಿ, ಸರಿಯಾಗೇ ಇರತ್ತೆ" ಎಂದು ಸಹಿ ಹಾಕಿದಳು. ಅವತ್ತು ಮನೆಗೆ ಬಂದು ನಿನ್ನ ಹೊಸ ಪುಸ್ತಕಗಳಿಗೆಲ್ಲ ರಟ್ಟು ಹಾಕುತ್ತಾ ಕೂತೆ. ನೀನು "ಇಷ್ಟೊಂದು ಅಚ್ಚುಕಟ್ಟು ಬೇಡಮ್ಮ, ಎಲ್ರೂ ನಗ್ತಾರೆ" ಎಂದಿದ್ದೆ.

ಈಗ ನಿನ್ನ ಅಮ್ಮನೇ, ಆದರೆ ಗುಮಾಸ್ತೆಯಾಗಿ ಹೇಳುತ್ತೇನೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ತಲುಪಬೇಕು. ಅಂದರೆ ನಿನಗೆ ೨೭ರವರೆಗೆ ಸಮಯವಿದೆ. ತಡವಾದರೆ ಅದೊಂದೇ ಸಾಕು ಅವರಿಗೆ. ಎರಡು ಪ್ರತಿ ಮಾಡು. ನಿನ್ನ ಪ್ರತಿಯ ಮೇಲೆ ಮೊಹರು ಒತ್ತಿಸಿ ತಾರೀಕು ಬರೆಸಿಕೊ. ನಾಳೆ ಬಾ ಎಂದರೆ ಅಲ್ಲೇ ಕೂತಿರು. ಬಾಯಿಮಾತಿನಲ್ಲಿ ಏನು ಹೇಳಿದರೂ "ಬರೆದುಕೊಡಿ" ಅನ್ನು. ಹೇಳಿಕೆಯ ಒಂದೊಂದು ಪುಟವನ್ನೂ ಓದಿಯೇ ಸಹಿ ಹಾಕು. ಯಾವ ಆಂಟಿಯನ್ನೂ ನಂಬಬೇಡ.

ಕೊಡು ಮಗಳೇ.

ಅಮ್ಮ

*

ಮೇ ೨೦

ಅಮ್ಮ,

ತಡವಾಯಿತು, ಬೈಯಬೇಡ. ದೂರನ್ನು ಮಾರ್ಚ್ ೨೪ಕ್ಕೇ ಕೊಟ್ಟೆ. ನೀನು ಹೇಳಿದಂತೆ ಅಲ್ಲೇ ಕೂತೆ. ಊಟದ ಹೊತ್ತು ಮೀರಿದ ಮೇಲೆ ಅವರಿಗೇ ಬೇಸರವಾಗಿ ಮೊಹರು ಒತ್ತಿಕೊಟ್ಟರು. ಮೆಸೇಜುಗಳಿವೆ ಎಂದು ನನ್ನ ಫೋನನ್ನೂ ತೆಗೆದುಕೊಂಡರು. ಇನ್ನೂ ವಾಪಸ್ ಬಂದಿಲ್ಲ. ಅಪ್ಪನ ಜೊತೆ ಆಡಿದ ಪೆದ್ದು ಜೋಕುಗಳನ್ನೂ ಯಾರೋ ಓದುತ್ತಿರಬಹುದು.

ಇಲ್ಲಿ ಏಳು ಕುರ್ಚಿ ಇಲ್ಲ, ಐದೇ. ಎಲ್ಲರೂ ಮೆದುವಾಗಿ ಮಾತಾಡುತ್ತಾರೆ. ಅಧ್ಯಕ್ಷೆ ತಾವೇ ನೀರು ಬಗ್ಗಿಸಿಕೊಟ್ಟು, "ನೋಡಮ್ಮ, ಅದಕ್ಕೆ ಮುಂಚೆ ನಿಮ್ಮಿಬ್ರ ಸಂಬಂಧ ಚೆನ್ನಾಗೇ ಇತ್ತಲ್ವಾ?" ಎಂದು ಕೇಳಿದರು. ಹೌದು ಎಂದೆ. ಬರೆದುಕೊಂಡರು. ನಾನು ಇನ್ನೂ ಹೇಳುವುದಿತ್ತು, ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು.

ಸೀನಿಯರ್ ಹೇಳಿಕೆಯನ್ನು ನನಗೆ ಓದಿಸಿದರು. ತಟ್ಟೆ ತೆಗೆದುಕೊಳ್ಳಲು ಹೋಗಿದ್ದಳಂತೆ, ಒಳಗೆ ಯಾರಿದ್ದರೆಂದು ಗಮನಿಸಲಿಲ್ಲವಂತೆ. ಜುಲೈನಲ್ಲಿ ಅವಳು ಪ್ರಬಂಧ ಸಲ್ಲಿಸಬೇಕು, ಅದಕ್ಕೂ ಗೈಡ್ ಸಹಿಯೇ ಬೇಕು. ಮೆಟ್ಟಿಲ ಹತ್ತಿರ ಸಿಕ್ಕಿದಾಗ ನನ್ನ ಕೈ ಹಿಡಿದುಕೊಂಡು, "ನಂಗೂ ಮನೇಲಿ ಕಾಯ್ತಿದಾರೆ ಕಣೇ" ಎಂದಳು. ಬಿಡಿಸಿಕೊಳ್ಳಬೇಕು ಎನಿಸಿತು, ಆಗಲಿಲ್ಲ.

ನನ್ನ ಸುರಕ್ಷತೆಗಾಗಿ ಎಂದು ಬರೆದುಕೊಟ್ಟು ನನ್ನನ್ನೇ ಬೇರೆ ಕಟ್ಟಡಕ್ಕೆ ಹಾಕಿದ್ದಾರೆ. ಹಳೆಯ ನಕ್ಷೆಗಳ ಉಗ್ರಾಣದ ಪಕ್ಕ ಒಂದು ಮೇಜು. ಪ್ರಯೋಗಾಲಯದ ಬಾಗಿಲು ಈಗ ನನ್ನ ಕಾರ್ಡಿಗೆ ತೆರೆಯುವುದಿಲ್ಲ, ಅವರ ಕಾರ್ಡಿಗೆ ತೆರೆಯುತ್ತದೆ. ಮೊಳಕೆಗಳಿಗೆ ದಿನ ಬಿಟ್ಟು ದಿನ ನೀರು ಬೇಕು ಎಂದು ಮೂರು ಅರ್ಜಿ ಬರೆದೆ. ಹದಿನೇಳನೆಯ ದಿನ ಅನುಮತಿ ಬಂತು. ಓಡಿದೆ. ಮುನ್ನೂರ ಅರವತ್ತು ತಟ್ಟೆ ಅಮ್ಮ, ನಾಲ್ಕು ವರ್ಷ. ಒಂದೊಂದನ್ನೇ ಬೆರಳಿನಿಂದ ಮುಟ್ಟಿದೆ, ಮುಟ್ಟಿದ್ದೆಲ್ಲ ಹುಡಿಯಾಯಿತು. ಕಾವಲಿನವರು ಬಾಗಿಲಲ್ಲಿ ನಿಂತು, "ಹತ್ತು ನಿಮಿಷ ಅಂದಿದ್ರು ಮೇಡಂ" ಎಂದರು. ಪಾಪ, ಅವರಿಗೂ ಹೇಳಲು ಕಷ್ಟವಾಗಿತ್ತು.

ಬಟಾಣಿ

*

ಜೂನ್ ೮

ಬಟಾಣಿ,

ನಿನ್ನ ಅಪ್ಪ ಕಾಗದ ಬರೆದು ಇಪ್ಪತ್ತು ವರ್ಷವಾಗಿರಬೇಕು. ಗಾಜು ಉಜ್ಜುವ ಕೈ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಸೋಮವಾರ ಅಂಗಡಿಗೆ ರಜೆ. ನಿನ್ನ ಹೆಸರಿಗೆ ರಿಜಿಸ್ಟರ್ ಕವರು ಬಂತು. ಖಾಯಂ ವಿಳಾಸ ಎಂದು ಮನೆಗೇ ಕಳಿಸಿದ್ದರು. ಏನೋ ಬಹುಮಾನ ಬಂದಿರಬೇಕು ಎಂದುಕೊಂಡು ಒಡೆದೆ. ಒಳಗೆ ಸಮಿತಿಯ ನೋಟಿಸು, ನಿನ್ನ ದೂರಿನ ಪ್ರತಿ. ಪೂರ್ತಿ ಓದಿದೆ.

ನಿನ್ನ ಅಮ್ಮ ಬಂದಾಗ "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ನೀವು ಹೋಗಿ ಅವನನ್ನ ಏನಾದ್ರೂ ಮಾಡಿಬಿಡ್ತೀರ ಅಂತ ಹೆದ್ರಿಕೆ ಆಯ್ತು" ಎಂದಳು. ಜೇಡ ಸಿಕ್ಕಿದರೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವವನು ನಾನು, ಯಾರನ್ನು ಏನು ಮಾಡಿಯೇನು? ನನ್ನ ಮರ್ಯಾದೆ ಉಳಿಸಲು ಹಾಗೆ ಹೇಳಿದಳು. ನಿಜವಾಗಿ ಅವಳು ಹೆದರಿದ್ದು ನಾನು ಅಳುತ್ತೇನೆಂದು. ಅತ್ತೆ.

ನಿನ್ನೆ ಒಬ್ಬರು ಸಣ್ಣ ಮಗಳನ್ನು ಅಂಗಡಿಗೆ ಕರೆತಂದಿದ್ದರು. ಹೊಸ ಕನ್ನಡಕ ಹಾಕಿಕೊಂಡು ಬೀದಿಗೆ ಇಣುಕಿ, "ಅಪ್ಪಾ, ಮರದಲ್ಲಿ ಒಂದೊಂದು ಎಲೆನೂ ಬೇರೆ ಬೇರೆ ಕಾಣತ್ತೆ!" ಎಂದಳು. ನಾನು ಒಳಗೆ ಹೋಗಿ ಯಂತ್ರ ಚಾಲೂ ಮಾಡಿ, ಆ ಸದ್ದಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಓದು ಮುಗಿಸಿ ಬಾ, ಮುಗಿಸದೆಯೂ ಬಾ. ನಾನಾಗಿ ಏನೂ ಕೇಳುವುದಿಲ್ಲ. ನೀನಾಗಿ ಹೇಳಿದರೆ ಎಷ್ಟು ಹೊತ್ತಾದರೂ ಕೇಳುತ್ತೇನೆ.

ಅಪ್ಪ

*

ಆಗಸ್ಟ್ ೨೯

ಅಮ್ಮ, ಅಪ್ಪ,

ಮುಗಿಯಿತು. ವರದಿ ಬರಲು ಎರಡು ವಾರ ಇರುವಾಗ ಗೈಡ್ ವೈಯಕ್ತಿಕ ಕಾರಣವೆಂದು ರಾಜೀನಾಮೆ ಕೊಟ್ಟರು. ಸಂಸ್ಥೆ ಅದೇ ದಿನ ಒಪ್ಪಿಕೊಂಡಿತು. ನನ್ನ ಅರ್ಜಿಗೆ ಹದಿನೇಳು ದಿನ ಬೇಕಾಗಿತ್ತು. "ಪ್ರತಿವಾದಿಯು ಸಂಸ್ಥೆಯ ಸೇವೆಯಲ್ಲಿ ಇಲ್ಲದಿರುವುದರಿಂದ ವಿಚಾರಣೆಯನ್ನು ಕೈಬಿಡಲಾಗಿದೆ" ಎಂದು ನನಗೆ ಪತ್ರ ಬಂದಿದೆ. ನಾನು ಸುಳ್ಳು ಹೇಳಿದೆ ಎಂದಿಲ್ಲ, ನಿಜ ಹೇಳಿದೆ ಎಂದೂ ಇಲ್ಲ.

ಅಧ್ಯಕ್ಷೆಯನ್ನು ಹೋಗಿ ಕಂಡೆ. "ನಿಂಗೆ ಬೇಕಾಗಿದ್ದೇನು, ಅವ್ರು ಹೋಗೋದು ತಾನೆ? ಹೋದ್ರಲ್ಲಮ್ಮ" ಎಂದರು. ನನಗೆ ಏನು ಬೇಕು ಎಂದು ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಉತ್ತರ ಹುಡುಕುವಷ್ಟರಲ್ಲಿ ಅವರು ಬೇರೆ ಫೈಲು ತೆರೆದಿದ್ದರು. ಇಲ್ಲಿ ನಡೆದದ್ದನ್ನು ಹೊರಗೆ ಹೇಳುವುದಿಲ್ಲ ಎಂಬ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು. ವಿಭಾಗದಲ್ಲಿ ಗೈಡಿಗೆ ಬೀಳ್ಕೊಡುಗೆ ಇಟ್ಟಿದ್ದರು. ಚಪ್ಪಾಳೆ ನಕ್ಷೆಯ ಉಗ್ರಾಣದವರೆಗೂ ಕೇಳಿಸಿತು.

ನನ್ನ ಕೆಲಸ ಮುಂದುವರಿಸಲು ಬೇರೆ ಗೈಡ್ ಬೇಕು. ಇಬ್ಬರನ್ನು ಕೇಳಿದೆ. ಒಬ್ಬರು ಜಾಗವಿಲ್ಲ ಎಂದರು. ಇನ್ನೊಬ್ಬರು ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಮಾತಾಡಿದರು, ನನಗೆ ಹೆದರಿ.

ಓದು ಬಿಡುತ್ತಿದ್ದೇನೆ. ಬೇರೊಂದು ಊರಿನಲ್ಲಿ ಗಿಡ ಮಾರುವ ನರ್ಸರಿಯಲ್ಲಿ ಕೆಲಸ ಸಿಕ್ಕಿದೆ. ಮನೆಗೆ ಈಗ ಬರಲಾರೆ. ಬಂದರೆ ನೀವಿಬ್ಬರೂ ನನ್ನೆದುರು ಮೆಲ್ಲಗೆ ನಡೆದಾಡುತ್ತೀರಿ. ಅದನ್ನು ನೋಡುವ ಶಕ್ತಿ ಸದ್ಯಕ್ಕಿಲ್ಲ.

ನಿಮ್ಮ ಬಟಾಣಿ

*

ಅಕ್ಟೋಬರ್ ೧೭

ಬಟಾಣಿ,

ನಿಂತುಕೊಂಡು ಓದುತ್ತಿದ್ದರೆ ಕೂತುಕೊ.

ನೇಮಕಾತಿಯ ಫೈಲೊಂದು ನನ್ನ ಮೇಜಿಗೆ ಬಂದಿದೆ. ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ಪ್ರಾಧ್ಯಾಪಕರು ಬೇಕಿತ್ತು. ಆಯ್ಕೆಯಾದವರ ಹೆಸರನ್ನು ನಾನು ಇದಕ್ಕೆ ಮುಂಚೆ ನಿನ್ನ ದೂರಿನ ಪ್ರತಿಯಲ್ಲಿ ಮಾತ್ರ ಓದಿದ್ದೆ. ಫೋಟೊದಲ್ಲಿ ಸೌಮ್ಯವಾದ ಮುಖ. ನಾಲ್ಕನೆಯ ಪುಟದಲ್ಲಿ "ನಿಮ್ಮ ಮೇಲೆ ಯಾವುದಾದರೂ ವಿಚಾರಣೆ ಬಾಕಿ ಇದೆಯೇ?" ಎಂಬ ಪ್ರಶ್ನೆ. ಇಲ್ಲ ಎಂದು ಬರೆದಿದ್ದಾರೆ. ಅದು ನಿಜವೇ, ಬಾಕಿ ಇಲ್ಲ.

ದಾಖಲೆಗಳೆಲ್ಲ ಸರಿಯಾಗಿವೆ ಎಂದು ನಾನು ಟಿಪ್ಪಣಿ ಬರೆದರೆ ಫೈಲು ಮುಂದೆ ಹೋಗುತ್ತದೆ. ಮೂರು ದಿನದಿಂದ ಅದನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಎದ್ದು ಹೋಗಿ ಮೇಲಿನವರಿಗೆ ಎಲ್ಲ ಹೇಳಿಬಿಡೋಣ ಎನಿಸುತ್ತದೆ. ಆದರೆ ಯಾರು ಆ ಹುಡುಗಿ ಎಂದು ಮೊದಲು ಕೇಳುತ್ತಾರೆ. ನಿನ್ನನ್ನು ಕೇಳದೆ ನಾನು ಬಾಯಿ ಬಿಡುವುದಿಲ್ಲ.

ಹೇಳಲಾ?

ಅಮ್ಮ

*

ಅಕ್ಟೋಬರ್ ೨೪

ಅಮ್ಮ,

ಬೇಡ.

ಇಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿಲ್ಲ. ಬೆಳಿಗ್ಗೆ ಕುಂಡಗಳಿಗೆ ಮಣ್ಣು ತುಂಬುತ್ತೇನೆ, ಬಂದವರಿಗೆ ಯಾವುದು ನೆರಳಿನ ಗಿಡ, ಯಾವುದು ಬಿಸಿಲಿನದು ಎಂದು ಹೇಳುತ್ತೇನೆ. ಹೋದ ವಾರ ಮೊದಲ ಸಲ ಒಂದು ಇಡೀ ಮಧ್ಯಾಹ್ನ ಆ ಕೋಣೆಯ ನೆನಪೇ ಬರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಮತ್ತೆ ಕೈ ತಣ್ಣಗಾಗಿದೆ. ಸಹಿ ಹಾಕಿಕೊಟ್ಟ ಕಾಗದ ಬೇರೆ ಇದೆ. ಇನ್ನೊಂದು ಸಲ ಆ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಲಾರೆ. ನನ್ನ ಹೆಸರು ಎತ್ತಬೇಡ. ದಮ್ಮಯ್ಯ.

ಬಟಾಣಿ

*

ಡಿಸೆಂಬರ್ ೫

ಬಟಾಣಿ,

ನಿನ್ನ ಹೆಸರು ಎತ್ತಲಿಲ್ಲ. "ಸೇವೆಯ ನಡುವೆ ರಾಜೀನಾಮೆ ನೀಡಿರುತ್ತಾರೆ; ಕಾರಣವನ್ನು ಹಿಂದಿನ ಸಂಸ್ಥೆಯಿಂದ ಕೇಳಬಹುದು" ಎಂದು ಒಂದು ಸಾಲು ಸೇರಿಸಿದೆ. "ಏನಮ್ಮ, ಯಾವತ್ತೂ ಇಲ್ಲದ್ದು?" ಎಂದು ನಗುತ್ತಲೇ ಅಧಿಕಾರಿ ಪತ್ರ ಕಳಿಸಿದರು. ಉತ್ತರ ಬಂತು. "ವಿಚಾರಣೆ ಬಾಕಿ ಇಲ್ಲ." ಅಷ್ಟೇ, ಕೆಳಗೆ ಶುಭಾಶಯ.

ನಿನ್ನೆ ಬಂದು ಸೇರಿಕೊಂಡರು. ಸಹಿ ಹಾಕಿಸಿಕೊಳ್ಳಬೇಕಾದವಳು ನಾನೇ. ಪೆನ್ನು ಮರೆತು ಬಂದಿದ್ದರು, ನನ್ನದನ್ನೇ ಕೇಳಿದರು. ಕೊಟ್ಟುಬಿಟ್ಟೆ. "ಥ್ಯಾಂಕ್ಸಮ್ಮ, ಇಲ್ಲಿ ಎಲ್ರೂ ಎಷ್ಟು ಒಳ್ಳೆಯವ್ರು" ಎಂದರು. ಸಂಜೆ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ನನ್ನ ಪಕ್ಕದಲ್ಲಿ ಬಂದು ಕೂತರು. ದೀಪ ಹಾಕಲು ಇಬ್ಬರೂ ಏಳಲಿಲ್ಲ.

ಅಮ್ಮ

*

ಏಪ್ರಿಲ್ ೧೦

ಬಟಾಣಿ,

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ವಾರವಿಡೀ ಒದ್ದಾಡಿದೆ. ಅಪ್ಪ "ಮತ್ತೆ ಮುಚ್ಚಿಡ್ಬೇಡ" ಎಂದರು.

ಹೋದ ಗುರುವಾರ ಒಬ್ಬ ಹುಡುಗಿ ನನ್ನ ಕಿಟಕಿಗೆ ಬಂದಳು. ಅವರ ಪ್ರಯೋಗಾಲಯದವಳು, ಸಂಶೋಧನೆಗೆ ಸೇರಿ ಒಂದು ವರ್ಷವೂ ಆಗಿಲ್ಲ. ಕೈಬರಹದಲ್ಲಿ ನಾಲ್ಕು ಪುಟ. ಎರಡು ಪ್ರತಿ ಬೇಕಮ್ಮ ಎಂದು ನಾನೇ ಜೆರಾಕ್ಸ್ ಮಾಡಿಸಿ ಮೊಹರು ಒತ್ತಿಕೊಟ್ಟೆ, ಕೂರಿಸಿ ನೀರು ಕೊಟ್ಟೆ. ಲೋಟ ಹಿಡಿದುಕೊಂಡು ಕೇಳಿದಳು, "ಆಂಟಿ, ಇವ್ರಿಂದ ಮುಂಚೆ ಯಾರಿಗಾದ್ರೂ ಹೀಗೆ ಆಗಿದ್ಯಾ? ಇಲ್ಲ, ನಂಗೊಬ್ಳಿಗೇನಾ?"

ನಾನು ರಿಜಿಸ್ಟರ್ ತೆರೆದು ಅವಳ ಹೆಸರು ಕೇಳಿದೆ, ಬರೆದುಕೊಂಡೆ.

ನೀನು ಬೇಡ ಎಂದದ್ದಕ್ಕೆ ಹೀಗಾಯಿತು ಎಂದುಕೊಳ್ಳಬೇಡ, ನನ್ನ ಮೇಲೆ ಆಣೆ. ಮಾಡಿದವರು ಆತ. ಆ ಒಂದು ಸಾಲಿನ ಉತ್ತರಕ್ಕೆ ಸಹಿ ಹಾಕಿದವರಿದ್ದಾರೆ. ಕೂತು ನೋಡಿದ ನಾನಿದ್ದೇನೆ. ನಿನಗೆ ಈ ಪಟ್ಟಿಯಲ್ಲಿ ಜಾಗವಿಲ್ಲ.

ಅಮ್ಮ

*

ಏಪ್ರಿಲ್ ೧೬

ಅಮ್ಮ,

ನಿನ್ನ ಕಾಗದ ಓದಿದ ದಿನ ಒಬ್ಬರು ಮಲ್ಲಿಗೆ ಕೇಳಿದರೆ ಬೇರೆ ಏನೋ ಗಿಡ ಕೊಟ್ಟು ಕಳಿಸಿದೆನಂತೆ. ಯಜಮಾನಿ ಬೈಯಲಿಲ್ಲ, "ಮನೆಗೆ ಹೋಗಿ ಮಲಕ್ಕೋ ಹೋಗು" ಎಂದರು. ಮಲಗಿದೆ. ನಿದ್ದೆ ಬರಲಿಲ್ಲ.

ತಪ್ಪು ನನ್ನದಲ್ಲ ಎಂದು ನನಗೂ ಗೊತ್ತು. ಆದರೆ ಅವನು ಎಲ್ಲಿಗೆ ಹೋಗುತ್ತಿದ್ದಾನೆ, ಹೋಗಿ ಏನು ಮಾಡಬಲ್ಲ ಎಂದು ಹಳೆಯ ಸಂಸ್ಥೆಯವರನ್ನು ಬಿಟ್ಟರೆ ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು ಅಮ್ಮ, ಅದರಲ್ಲಿ ಒಬ್ಬಳು ನಾನು. ಈ ಎರಡು ಮಾತೂ ನಿಜ. ಇವೆರಡನ್ನೂ ಒಟ್ಟಿಗೆ ಹೊತ್ತುಕೊಂಡು ಹೇಗೆ ಬದುಕುವುದು ಎಂದು ನನಗೆ ತಿಳಿಯುತ್ತಿಲ್ಲ.

ಆ ಹುಡುಗಿಗೆ ಇದು ತಲುಪಿದ ದಿನವೇ ಹೇಳು, ಅವಳೊಬ್ಬಳಿಗೇ ಅಲ್ಲ ಎಂದು. ನನಗಾಗಿ ಕಾಯಬೇಡ.

ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹೇಳಿಕೆ ಬರೆದಿಟ್ಟಿದ್ದೇನೆ, ಹನ್ನೊಂದು ಪುಟವಾಯಿತು. ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡವರು ಏನು ಮಾಡುತ್ತಾರೋ ಮಾಡಲಿ. ನಾನು ನಿನ್ನ ಮಗಳೆಂದು ತಿಳಿದ ದಿನವೇ ನಿನ್ನನ್ನು ಆ ವಿಭಾಗದಿಂದ ಎತ್ತಂಗಡಿ ಮಾಡುತ್ತಾರೆ, ಅದೂ ಗೊತ್ತು. ಇದರಿಂದ ಏನಾದರೂ ಆಗುತ್ತದೆ ಎಂಬ ಭರವಸೆ ನನಗಿಲ್ಲ. ಅವಳ ನಾಲ್ಕು ಪುಟ ಆ ಮೇಜಿನ ಮೇಲೆ ಒಂಟಿಯಾಗಿ ಇರಬಾರದು, ಅಷ್ಟೇ.

ಬಸ್ ನಿಲ್ದಾಣಕ್ಕೆ ಅಪ್ಪ ಬರಲಿ. ನೀನು ಬರಬೇಡ, ಕೆಲಸದಲ್ಲಿರು. ಹತ್ತೂವರೆಗೆ ನಿನ್ನ ಕಿಟಕಿಯ ಮುಂದೆ ನಿಲ್ಲುತ್ತೇನೆ. ನಾವು ಒಬ್ಬರನ್ನೊಬ್ಬರು ನೋಡಿ ಒಂದೂವರೆ ವರ್ಷವಾಯಿತು. ಆದರೂ ಎದ್ದು ಬರಬೇಡ ಅಮ್ಮ. ಬಂದು ನನ್ನನ್ನು ಮುಟ್ಟಿದರೆ ನನಗೆ ಮಾತು ಹೊರಡುವುದಿಲ್ಲ. ಕುರ್ಚಿಯಲ್ಲೇ ಕೂತಿರು, ರಿಜಿಸ್ಟರ್ ತೆರೆ, ಬಂದವರನ್ನೆಲ್ಲ ಕೇಳುವ ಹಾಗೆ ನನ್ನನ್ನೂ ಹೆಸರೇನು ಎಂದು ಕೇಳು.

ಹೇಳುತ್ತೇನೆ. ಬರೆದುಕೊ.

ನಿನ್ನ ಮಗಳು